ಮರುಕಳಿಸುವ ಸೊಂಟನೋವು: ನೋವಿರುವಾಗಿನ ಆರೈಕೆ, ನೋವಿಲ್ಲದಾಗಿನ ಎಚ್ಚರ

ಬೆಳಿಗ್ಗೆ ಬಚ್ಚಲಿನಲ್ಲಿ ಮುಖ ತೊಳೆಯಲು ಬಗ್ಗಿದಾಗಲೋ, ಅರ್ಧ ತುಂಬಿದ ಬಕೆಟ್ಟನ್ನು ಪಕ್ಕಕ್ಕೆ ಸರಿಸಲು ಹೋದಾಗಲೋ ಸೊಂಟ ಥಟ್ಟನೆ ಹಿಡಿದುಕೊಂಡು, ನೆಟ್ಟಗಾಗಲು ಗೋಡೆಯ ಆಸರೆ ಬೇಕಾಗುತ್ತದೆ. ಕೆಲವರು ‘ಉಳುಕು’ ಎಂದೂ, ಕೆಲವರು ‘ಚಳಕು’ ಎಂದೂ, ‘ವಾಯು ಹಿಡಿದಿದೆ’ ಎಂದೂ, ಉತ್ತರ ಕರ್ನಾಟಕದವರು ‘ಟೊಂಕ ಹಿಡಿದೈತಿ’ ಎಂದೂ ಹೇಳುವ ಈ ನೋವು ಎಂಟು ಹತ್ತು ದಿನ ಕಾಡಿ, ಎಣ್ಣೆ ತಿಕ್ಕಿಸಿಕೊಂಡೋ ಮಾತ್ರೆ ನುಂಗಿಯೋ ಇಳಿದುಹೋಗುತ್ತದೆ. ಇಳಿದ ಮರುದಿನವೇ ನಾವು ಅದನ್ನು ಮರೆಯುತ್ತೇವೆ; ಐದಾರು ತಿಂಗಳು ಕಳೆಯುವಷ್ಟರಲ್ಲಿ ಅದು ಮತ್ತೆ ಬಂದಿರುತ್ತದೆ. ನಾನೂ ಹಲವು ವರ್ಷ ಹೀಗೆಯೇ ಕಳೆದವನು. ನೋವಿದ್ದ ಹತ್ತು ದಿನಗಳಿಗೆ ನನ್ನೆಲ್ಲ ಹಣ, ಗಮನ, ಪಥ್ಯಗಳನ್ನು ಮುಡಿಪಿಟ್ಟು, ನೋವಿಲ್ಲದ ಆರು ತಿಂಗಳಲ್ಲಿ ಏನೂ ಮಾಡದೆ ಇದ್ದದ್ದೇ ತಪ್ಪೆಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಸೊಂಟದ ಭಾಗದಲ್ಲಿ ಐದು ಕಶೇರುಕಗಳಿವೆ. ಅವುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು, ಹಿಂಬದಿಯಲ್ಲಿ ಚಿಕ್ಕ ಕೀಲುಗಳು, ಸುತ್ತಲೂ ಪದರ ಪದರವಾಗಿ ಸ್ನಾಯುಗಳಿವೆ. ಸೊಂಟನೋವೆಂದು ವೈದ್ಯರ ಬಳಿ ಹೋಗುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಭಾಗ ಸಿಗುವುದಿಲ್ಲ. ಇದರಿಂದ ನೋವು ಸುಳ್ಳೆಂದಾಗಲಿ, ಮನಸ್ಸಿನದೆಂದಾಗಲಿ ಅರ್ಥವಲ್ಲ. ಅಪಾಯಕಾರಿಯಾದ ರೋಗವಿಲ್ಲ ಎಂದಷ್ಟೇ ಅರ್ಥ. ಹೆಚ್ಚಿನವರ ನೋವು ನಾಲ್ಕರಿಂದ ಆರು ವಾರಗಳೊಳಗೆ ಬಹುಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದಲೇ ಆ ಅವಧಿಯಲ್ಲಿ ಕೊನೆಗೆ ಯಾವುದನ್ನು ಮಾಡಿರುತ್ತೇವೆಯೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ಇಂದಿಗೂ ಕೆಲವು ಊರುಗಳಲ್ಲಿ ಉಳಿದಿರುವುದಕ್ಕೂ, ದುಬಾರಿಯ ಯಂತ್ರಚಿಕಿತ್ಸೆಗಳಿಗೆ ನಗರಗಳಲ್ಲಿ ಒಳ್ಳೆಯ ಹೆಸರಿರುವುದಕ್ಕೂ ಇದೊಂದೇ ಕಾರಣವಿರಬಹುದು.

ನೋವು ತಾನಾಗಿ ಹೋದರೂ ಸೊಂಟದ ಬಲ ತಾನಾಗಿ ಮರಳುವುದಿಲ್ಲ. ಬೆನ್ನುಮೂಳೆಗೆ ಒತ್ತಿಕೊಂಡಿರುವ, ಕಶೇರುಕಗಳನ್ನು ಹಿಡಿದಿಡುವ ಒಳಪದರದ ಸ್ನಾಯುವೊಂದಿದೆ. ಅದಕ್ಕೆ ಮಲ್ಟಿಫಿಡಸ್ ಎಂದು ಹೆಸರು. ಮೊದಲ ಬಾರಿ ಸೊಂಟ ಹಿಡಿದಾಗ ನೋವಿನ ಬದಿಯಲ್ಲಿ ಈ ಸ್ನಾಯು ಸಣ್ಣಗಾಗುವುದನ್ನೂ, ನೋವು ಪೂರ್ತಿ ಹೋಗಿ ರೋಗಿ ಮಾಮೂಲಿನ ಕೆಲಸಕ್ಕೆ ಮರಳಿದ ಮೇಲೂ ಅದು ತಾನಾಗಿ ಮೊದಲಿನ ಗಾತ್ರಕ್ಕೆ ಬಾರದಿರುವುದನ್ನೂ ಆಸ್ಟ್ರೇಲಿಯಾದ ಸಂಶೋಧಕರು 1996ರಲ್ಲಿ ತೋರಿಸಿದರು. ಮುಂದಿನ ಬಾರಿ ಸೊಂಟ ಹಿಡಿಯಲು ಖಾಲಿ ಬಕೆಟ್ಟೇ ಸಾಕಾಗುವುದು ಏಕೆಂಬುದಕ್ಕೆ ಇಲ್ಲಿ ಒಂದು ಉತ್ತರವಿದೆ.

ತಡಮಾಡಬಾರದ ಸಂದರ್ಭಗಳು

ಮನೆಯ ಆರೈಕೆಯ ಮಾತಿಗೆ ಮುನ್ನ ಇದನ್ನು ಓದಿಕೊಳ್ಳಬೇಕು. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಮೇಲಿನ ಹಿಡಿತ ತಪ್ಪಿದರೆ, ಸೈಕಲ್ಲಿನ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ತಿಳಿಯದೆ ಮರಗಟ್ಟಿದರೆ, ಅಥವಾ ಕಾಲಿನ ಶಕ್ತಿ ಕುಂದುತ್ತ ಪಾದ ಎಳೆಯುವಂತಾದರೆ ಅದು ಬೆನ್ನುಮೂಳೆಯ ತಳದ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣವಾಗಿರಬಹುದು. ಇದರಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕವಿದೆ. ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಅದೇ ಹೊತ್ತಿನಲ್ಲಿ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು.

ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ ಇವುಗಳೊಂದಿಗೆ ವಾರಗಟ್ಟಲೆ ಏರುತ್ತಲೇ ಇರುವ ನೋವಿದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಬಿದ್ದ ಮೇಲೆ ನೋವು ಶುರುವಾದ ವಯಸ್ಸಾದವರು ಸಹ ಮೊದಲು ವೈದ್ಯರಿಗೆ ತೋರಿಸಬೇಕು. ಸೊಂಟದ ಒಂದು ಪಕ್ಕದಿಂದ ತೊಡೆಯ ಸಂದಿಗೆ ಅಲೆಯಲೆಯಾಗಿ ಬರುವ, ಹೇಗೆ ಮಲಗಿದರೂ ತಗ್ಗದ ನೋವು ಮೂತ್ರಪಿಂಡದ ಅಥವಾ ಮೂತ್ರನಾಳದ ಕಲ್ಲಿನದ್ದಾಗಿರಬಹುದು. ಇನ್ನೊಂದು ಬಗೆಯನ್ನು ವರ್ಷಗಟ್ಟಲೆ ಯಾರೂ ಗುರುತಿಸದೆ ಬಿಡುತ್ತಾರೆ: ನಲವತ್ತರೊಳಗಿನ ವಯಸ್ಸಿನಲ್ಲಿ ನಿಧಾನವಾಗಿ ಶುರುವಾಗಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದು, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಬಿಗಿದಿದ್ದು, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಟದಿಂದ ಕಡಿಮೆಯಾಗುವ ನೋವು. ಇದು ಉರಿಯೂತದ ಸಂಧಿವಾತವಾಗಿರಬಹುದಾದ್ದರಿಂದ ಸಂಧಿವಾತ ತಜ್ಞರನ್ನು ಕಾಣುವುದು ಒಳ್ಳೆಯದು.

ಮೊದಲ ಮೂರು ದಿನ

ಸೊಂಟ ಹಿಡಿದ ಕೂಡಲೇ ಮಾಡಬೇಕಾದದ್ದು ನೋವು ಕಡಿಮೆಯಿರುವ ಒಂದು ಭಂಗಿಯನ್ನು ಹುಡುಕಿಕೊಳ್ಳುವುದು. ಚಾಪೆಯ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿರಿಸಿ ಮೊಣಕಾಲುಗಳನ್ನು ಮಡಚಿಟ್ಟರೆ ಹಲವರಿಗೆ ಆರಾಮವಾಗುತ್ತದೆ. ಮತ್ತೆ ಕೆಲವರಿಗೆ ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗುವುದು ಹಿತ. ಹದಿನೈದು ಇಪ್ಪತ್ತು ನಿಮಿಷ ಹಾಗಿದ್ದು ಏಳಬೇಕು. ಏಳುವಾಗ ಅಂಗಾತದಿಂದ ನೇರವಾಗಿ ಎದ್ದು ಕೂರಬಾರದು. ಇಡೀ ಮೈಯನ್ನು ಒಂದೇ ತುಂಡಿನಂತೆ ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಹಾಸಿಗೆಯಿಂದ ಕೆಳಗಿಳಿಬಿಟ್ಟು, ಅದೇ ಹೊತ್ತಿಗೆ ಕೈಯೂರಿ ಮೇಲೇಳಬೇಕು. ಬಲಮಗ್ಗುಲಾಗಿ ಎದ್ದೇಳು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಅವರು ಬೇರೆ ಕಾರಣ ಕೊಡುತ್ತಿದ್ದಿರಬಹುದು. ಸೊಂಟಕ್ಕಂತೂ ಎಡವಾದರೂ ಸರಿ, ಬಲವಾದರೂ ಸರಿ.

‘ಒಂದು ವಾರ ಹಾಸಿಗೆ ಬಿಟ್ಟು ಏಳಬೇಡಿ’ ಎಂಬ ಸಲಹೆ ಹಳೆಯದು, ಮತ್ತು ತಪ್ಪು. ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಸೊಂಟ ಹಿಡಿದವರನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಎರಡು ದಿನ ಮಲಗಿರಲು, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ ಮಾಡಲು, ಮೂರನೆಯದಕ್ಕೆ ನೋವು ತಡೆಯುವಷ್ಟರ ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿರಲು ಹೇಳಿದಾಗ, ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಈ ಫಲಿತಾಂಶದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ: ನೋವು ತೀವ್ರವಾಗಿರುವಾಗ ಹಟ ಹಿಡಿದು ವ್ಯಾಯಾಮ ಮಾಡುವುದೂ ಹೆಚ್ಚಿನ ಲಾಭ ತರಲಿಲ್ಲ. ಆದ್ದರಿಂದ ಮೊದಲ ಮೂರು ದಿನಗಳಲ್ಲಿ ಸೂರ್ಯನಮಸ್ಕಾರ, ಪಾದ ಮುಟ್ಟುವ ಪ್ರಯತ್ನ, ‘ಹಿಡಿದದ್ದನ್ನು ಬಿಡಿಸುವ’ ಸಾಹಸ ಯಾವುದೂ ಬೇಡ. ಎಚ್ಚರವಿರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಎದ್ದು, ಮನೆಯೊಳಗೇ ಐದು ನಿಮಿಷ ನಿಧಾನವಾಗಿ ನಡೆದರೆ ಸಾಕು.

ಬಿಸಿನೀರಿನ ಚೀಲದ ಶಾಖವನ್ನು ಬಟ್ಟೆಯ ಮೇಲಿನಿಂದ ಹದಿನೈದು ನಿಮಿಷ ಕೊಡಬಹುದು. ಬೆಚ್ಚಗಿನ ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಂಡರೆ ಬಿಗಿತ ಸಡಿಲವಾಗುತ್ತದೆ; ಆದರೆ ಬೆನ್ನಿನ ಮೇಲೆ ಕಾಲಿಟ್ಟು ತುಳಿಸಿಕೊಳ್ಳುವುದು, ‘ಟಕ್’ ಎನ್ನುವವರೆಗೆ ತಿರುಚಿಸಿಕೊಳ್ಳುವುದು, ಅದರಲ್ಲಿಯೂ ವಯಸ್ಸಾದವರಿಗೆ, ಅಪಾಯಕಾರಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾಗಿರುವವರು ಶಾಖ ತೆಗೆದುಕೊಳ್ಳುವಾಗ ಬೊಬ್ಬೆ ಏಳದಂತೆ ನೋಡಿಕೊಳ್ಳಬೇಕು.

ಮಾತ್ರೆಗಳ ವಿಷಯದಲ್ಲಿ ಎರಡು ಮಾತು. ಸೊಂಟನೋವಿಗೆ ಎಲ್ಲರೂ ಮೊದಲು ನುಂಗುವುದು ಪ್ಯಾರಾಸಿಟಮಾಲ್. ಆಸ್ಟ್ರೇಲಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದನ್ನು ನುಂಗಿದವರೂ, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಹದಿನೇಳು ದಿನಗಳಲ್ಲೇ ಚೇತರಿಸಿಕೊಂಡರು. ಐಬುಪ್ರೊಫೆನ್, ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್‌ನಂಥವು ನೋವನ್ನು ಸ್ವಲ್ಪ ತಗ್ಗಿಸುವುದು ನಿಜವಾದರೂ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ಏರಿದ ರಕ್ತದೊತ್ತಡ ಇರುವವರಿಗೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ, ಗರ್ಭಿಣಿಯರಿಗೂ ಅವು ಕೇಡು ಮಾಡಬಲ್ಲವು. ವೈದ್ಯರನ್ನು ಕೇಳಿ, ಊಟವಾದ ಮೇಲೆ, ಕಡಿಮೆ ಪ್ರಮಾಣದಲ್ಲಿ, ಮೂರು ನಾಲ್ಕು ದಿನಕ್ಕೆ ಮುಗಿಸುವುದು ಕ್ಷೇಮ. ಹಳೆಯ ಚೀಟಿಯನ್ನು ತೋರಿಸಿ ಮೆಡಿಕಲ್ ಶಾಪ್‌ನಿಂದ ತಿಂಗಳುಗಟ್ಟಲೆ ತರುವುದಂತೂ ಬೇಡವೇ ಬೇಡ. ಒಳಗೆ ಏನಿದೆಯೆಂದು ಬರೆಯದ ಪೊಟ್ಟಣದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯಿರುವುದರಿಂದ, ನೋವು ಮಂತ್ರ ಹಾಕಿದಂತೆ ಮಾಯವಾದರೆ ಸಂತೋಷಕ್ಕಿಂತ ಅನುಮಾನ ಪಡುವುದೇ ಸರಿ.

ಎಂಆರ್‌ಐ ಮಾಡಿಸಬೇಕೇ?

ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಬೇಕಿಲ್ಲ. ಕಾರಣ ಖರ್ಚಷ್ಟೇ ಅಲ್ಲ. ಅಮೆರಿಕದಲ್ಲಿ 1994ರಲ್ಲಿ ಸೊಂಟನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ, ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ. 36 ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಅಂದರೆ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದು ಬರೆದಿರುವುದು ಬಹಳ ಸಲ ತಲೆಯ ನೆರೆಕೂದಲಿನಷ್ಟೇ ಸಹಜವಾದ ವಿಷಯ. ಆದರೆ ಅದನ್ನು ಓದಿದವರು ‘ನನ್ನ ಡಿಸ್ಕ್ ಜಾರಿದೆ’ ಎಂದು ಜೀವನಪೂರ್ತಿ ಬಗ್ಗಲು ಹೆದರುತ್ತಾರೆ. ಹೆದರಿ ಓಡಾಟ ಬಿಟ್ಟರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ನೋವು ಮೊಣಕಾಲಿನ ಕೆಳಗಿನವರೆಗೂ ಸೆಳೆಯುವ ಸಯಾಟಿಕಾ ಇದ್ದವರಲ್ಲೂ ಬಹುಪಾಲು ಮಂದಿ ಶಸ್ತ್ರಚಿಕಿತ್ಸೆಯಿಲ್ಲದೆ ಎರಡು ಮೂರು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಹೊರಚಾಚಿದ ಡಿಸ್ಕಿನ ಭಾಗ ಎಷ್ಟೋ ಸಲ ದೇಹದಲ್ಲೇ ಕರಗಿಹೋಗುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಭಯದ ಬಗ್ಗೆ. ಹೆರಿಗೆಯ ಹೊತ್ತಿನಲ್ಲಿ ಬೆನ್ನಿಗೆ ಕೊಟ್ಟ ಅರಿವಳಿಕೆಯ ಇಂಜೆಕ್ಷನ್ನಿನಿಂದಲೇ ತಮಗೆ ಸೊಂಟನೋವು ಅಂಟಿಕೊಂಡಿತೆಂದು ನಮ್ಮಲ್ಲಿ ಅನೇಕ ತಾಯಂದಿರು ನಂಬಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ನೋವಿಗೆ ಅದು ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸಿರಿನಲ್ಲಿ ಸಡಿಲಗೊಂಡ ಹೊಟ್ಟೆಯ ಸ್ನಾಯು, ಬಾಣಂತನದ ದೀರ್ಘ ವಿಶ್ರಾಂತಿ, ಅನಂತರ ಒಮ್ಮೆಲೇ ಹೆಗಲೇರುವ ಮನೆಗೆಲಸ, ಹಾಲೂಡಿಸಲು ಮಗುವಿನತ್ತ ಬಾಗಿಯೇ ಕೂರುವ ರೂಢಿ ಇವೆಲ್ಲ ಸೇರಿ ಸೊಂಟವನ್ನು ದಣಿಸುತ್ತವೆ. ತಾಯಿ ಮಗುವಿನತ್ತ ಬಾಗುವ ಬದಲು ತೊಡೆಯ ಮೇಲೆ ದಿಂಬಿಟ್ಟು ಮಗುವನ್ನೇ ಎದೆಯ ಎತ್ತರಕ್ಕೆ ತಂದುಕೊಂಡರೆ ದಿನಕ್ಕೆ ಹತ್ತಾರು ಬಾರಿಯ ಒತ್ತಡ ತಪ್ಪುತ್ತದೆ.

ನೋವು ಹೋದ ಮೇಲೆ: ನಡಿಗೆ

ಮರುಕಳಿಕೆಯನ್ನು ತಡೆಯುವಲ್ಲಿ ನನಗೆ ಎಲ್ಲಕ್ಕಿಂತ ಮನವರಿಕೆಯಾದದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವು ಆಗತಾನೇ ಸೊಂಟನೋವಿನಿಂದ ಚೇತರಿಸಿಕೊಂಡವರನ್ನು ಆರಿಸಿಕೊಂಡಿತ್ತು. ಅವರಲ್ಲಿ ಒಂದು ಗುಂಪಿಗೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ, ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ನಡೆಯುವ ಮಟ್ಟಕ್ಕೆ ಹಂತಹಂತವಾಗಿ ಏರುವ ಕಾರ್ಯಕ್ರಮ ಕೊಡಲಾಯಿತು. ಮುಂದಿನ ನೋವು ಬರುವವರೆಗಿನ ಮಧ್ಯಮ ಅವಧಿ ನಡೆದವರಲ್ಲಿ 208 ದಿನ, ನಡೆಯದವರಲ್ಲಿ 112 ದಿನ. ನೋವು ಎಂದೆಂದಿಗೂ ಬಾರದೆಂಬ ಭರವಸೆಯನ್ನು ಈ ಅಧ್ಯಯನ ಕೊಡುವುದಿಲ್ಲ. ಎರಡು ನೋವುಗಳ ನಡುವಿನ ಬಿಡುವು ಹೆಚ್ಚುಕಡಿಮೆ ಇಮ್ಮಡಿಯಾಯಿತು, ಅದೂ ಚಪ್ಪಲಿ ಬಿಟ್ಟರೆ ಬೇರೆ ಖರ್ಚಿಲ್ಲದೆ.

ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಮತಟ್ಟಾದ ದಾರಿಯಲ್ಲಿ ನಡೆಯಿರಿ. ವಾರಕ್ಕೆ ಎರಡು ಮೂರು ನಿಮಿಷದಂತೆ ಏರಿಸುತ್ತ ಹೋಗಿ. ಕೈಗಳು ಸಡಿಲವಾಗಿ ಬೀಸುತ್ತಿರಲಿ; ಒಂದು ಕೈಯಲ್ಲಿ ಮೊಬೈಲು ಹಿಡಿದು ತಲೆ ತಗ್ಗಿಸಿ ನಡೆಯುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಹೊಲದಲ್ಲಿ ದಿನವಿಡೀ ದುಡಿಯುವವರು ‘ನಮಗೇಕೆ ನಡಿಗೆ’ ಎಂದು ಕೇಳುವುದುಂಟು. ಬಗ್ಗಿ ಕಳೆ ಕೀಳುವುದಕ್ಕೂ ನೆಟ್ಟಗೆ, ಬಿರುಸಾಗಿ, ಭಾರವಿಲ್ಲದೆ ನಡೆಯುವುದಕ್ಕೂ ಸೊಂಟದ ಪಾಲಿಗೆ ವ್ಯತ್ಯಾಸವಿದೆ.

ಮೂರು ವ್ಯಾಯಾಮಗಳು

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಬಳಕೆಗೆ ತಂದ ಮೂರು ವ್ಯಾಯಾಮಗಳು ಚಾಪೆಯಷ್ಟು ಜಾಗದಲ್ಲಿ ಮಾಡಬಹುದಾದವು. ಮೊದಲನೆಯದರಲ್ಲಿ ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ ಇನ್ನೊಂದನ್ನು ಚಾಚಿ, ಎರಡೂ ಅಂಗೈಗಳನ್ನು ಸೊಂಟದ ಕೆಳಗಿನ ಟೊಳ್ಳಿನಲ್ಲಿಟ್ಟು, ತಲೆ ಮತ್ತು ಭುಜಗಳನ್ನು ನೆಲದಿಂದ ಒಂದೆರಡು ಅಂಗುಲವಷ್ಟೇ ಎತ್ತಬೇಕು. ಸೊಂಟ ಅಲುಗಬಾರದು. ಪೂರ್ತಿ ಎದ್ದು ಕೂರುವ ಹಳೆಯ ಡ್ರಿಲ್ ಕಸರತ್ತು ಡಿಸ್ಕ್‌ಗಳನ್ನು ಅನವಶ್ಯಕವಾಗಿ ಅದುಮುತ್ತದೆ. ಎರಡನೆಯದರಲ್ಲಿ ಮಗ್ಗುಲಾಗಿ ಮಲಗಿ, ಮೊಣಕೈಯೂರಿ, ಮೊಣಕಾಲುಗಳನ್ನು ಮಡಚಿ, ಸೊಂಟವನ್ನು ನೆಲದಿಂದ ಎತ್ತಿ ಭುಜದಿಂದ ಮೊಣಕಾಲಿನವರೆಗೆ ಒಂದೇ ಗೆರೆಯಾಗುವಂತೆ ನಿಲ್ಲಿಸಬೇಕು. ಮೂರನೆಯದರಲ್ಲಿ ಅಂಬೆಗಾಲಿನ ಭಂಗಿಯಲ್ಲಿದ್ದು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಒಟ್ಟಿಗೆ ಚಾಚಿ, ಅನಂತರ ಬದಿ ಬದಲಿಸಬೇಕು. ಸೊಂಟದ ಮೇಲೆ ಒಂದು ಲೋಟ ನೀರಿಟ್ಟಿದ್ದಾರೆಂದು ಭಾವಿಸಿಕೊಂಡರೆ ಎಷ್ಟು ಸ್ಥಿರವಾಗಿರಬೇಕೆಂಬುದು ತಿಳಿಯುತ್ತದೆ.

ಪ್ರತಿಯೊಂದನ್ನೂ ಎಂಟು ಹತ್ತು ಸೆಕೆಂಡ್ ಹಿಡಿದು, ಉಸಿರು ಕಟ್ಟದೆ, ಮೊದಲು ಆರು ಸಲ, ಬಿಡುವಿನ ನಂತರ ನಾಲ್ಕು ಸಲ, ಮತ್ತೆ ಎರಡು ಸಲ ಮಾಡಿ. ಒಟ್ಟು ಹದಿನೈದು ನಿಮಿಷ ಬೇಕಾಗುತ್ತದೆ. ಯೋಗಾಸನ ರೂಢಿಯಿರುವವರು ಅದನ್ನೇ ಮುಂದುವರಿಸಬಹುದು. ಭುಜಂಗಾಸನ, ಶಲಭಾಸನಗಳು ಹಲವರಿಗೆ ಒಗ್ಗುತ್ತವೆ, ಪಶ್ಚಿಮೋತ್ತಾನಾಸನವನ್ನು ನೋವು ಹೋದ ಕೆಲವು ವಾರ ಮುಂದೂಡುವುದು ಒಳ್ಳೆಯದು. ವ್ಯಾಯಾಮದಿಂದ ನೋವು ಸೊಂಟದಿಂದ ಕಾಲಿನತ್ತ ಇಳಿಯತೊಡಗಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು.

ಎದ್ದ ಮೊದಲ ಗಂಟೆ

ರಾತ್ರಿ ಮಲಗಿರುವಾಗ ಡಿಸ್ಕ್‌ಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ; ಬೆಳಿಗ್ಗೆ ನಾವು ಸಂಜೆಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರವಿರುವುದು ಇದರಿಂದಲೇ. ಉಬ್ಬಿದ ಡಿಸ್ಕ್ ಬಗ್ಗಿದಾಗ ಹೆಚ್ಚು ಬಿಗಿಯುತ್ತದೆ. ದೀರ್ಘಕಾಲದ ಸೊಂಟನೋವಿದ್ದವರು ಬೆಳಗಿನ ಮೊದಲ ಗಂಟೆಗಳಲ್ಲಿ ಬಗ್ಗುವುದನ್ನು ಕಡಿಮೆ ಮಾಡಿದಾಗ ನೋವಿನ ದಿನಗಳು ಇಳಿದವೆಂದು 1998ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ಪೂರಾ ವಿರುದ್ಧ. ಹೆಂಗಸರು ಎದ್ದ ಕೂಡಲೇ ಅಂಗಳ ಗುಡಿಸಿ, ಸಾರಿಸಿ, ಬಗ್ಗಿ ರಂಗೋಲಿ ಹಾಕಿ, ನೀರು ತುಂಬಿಸಿ, ಕೊಟ್ಟಿಗೆಯ ಸಗಣಿ ಬಾಚುವಷ್ಟರಲ್ಲಿ ಸೊಂಟದ ಅತ್ಯಂತ ದುರ್ಬಲ ಗಂಟೆ ಮುಗಿದಿರುತ್ತದೆ. ಕ್ರಮವನ್ನು ತುಸು ಬದಲಿಸಿ. ಒಲೆ ಹಚ್ಚುವುದು, ತರಕಾರಿ ಹೆಚ್ಚುವುದು, ಮಕ್ಕಳ ಡಬ್ಬಿ ಕಟ್ಟುವುದು ಇಂತಹ ನಿಂತು ಮಾಡುವ ಕೆಲಸಗಳು ಮೊದಲು. ಬಗ್ಗುವ ಕೆಲಸಗಳು ಗಂಟೆಯ ನಂತರ. ರಂಗೋಲಿಯನ್ನು ಕುಕ್ಕರುಗಾಲಿನಲ್ಲಿ ಅಥವಾ ಪುಟ್ಟ ಮಣೆಯ ಮೇಲೆ ಕುಳಿತು ಹಾಕಬಹುದು. ಕಡ್ಡಿಪೊರಕೆಗೆ, ಕರಾವಳಿಯ ಹಿಡಿಸೂಡಿಗೆ ಎದೆಮಟ್ಟದ ಬಿದಿರು ಕೋಲು ಕಟ್ಟಿಸಿದರೆ ಗುಡಿಸಲು ಬಗ್ಗಬೇಕಾಗಿಯೇ ಇಲ್ಲ. ಮನೆಯ ಗಂಡಸರು ಪೊರಕೆ ಹಿಡಿದರೆ ಕೋಲಿನ ಅಗತ್ಯವೂ ಅರ್ಧಕ್ಕಿಳಿಯುತ್ತದೆ.

ಭಾರ, ಬಗ್ಗುವಿಕೆ, ಕೂರುವಿಕೆ

ಭಾರ ಎತ್ತುವ ‘ಸರಿಯಾದ ಭಂಗಿ’ ಕಲಿಸುವುದರಿಂದಷ್ಟೇ ಸೊಂಟನೋವು ತಪ್ಪುತ್ತದೆಂಬುದಕ್ಕೆ ಬಲವಾದ ಆಧಾರವಿಲ್ಲ. ಸೊಂಟದ ಪಟ್ಟಿ ಕಟ್ಟಿಕೊಂಡು ತಿರುಗುವುದಕ್ಕೂ ಅಷ್ಟೇ. ಆದರೂ ನೋವು ಮರುಕಳಿಸುವವರು ಭಾರವನ್ನು ಮೈಗೆ ಹತ್ತಿರ ಹಿಡಿಯಬೇಕು, ಭಾರ ಹೊತ್ತಿರುವಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು. ನೀರನ್ನು ಒಂದು ದೊಡ್ಡ ಕೊಡದಲ್ಲಿ ಒಂದೇ ಪಕ್ಕಕ್ಕೆ ಹೊರುವ ಬದಲು ಎರಡು ಚಿಕ್ಕ ಬಿಂದಿಗೆಗಳಲ್ಲಿ ಎರಡೂ ಕೈಗೆ ಹಂಚುವುದು ಮೇಲು. ನಾಟಿ, ಕಳೆ, ಕೊಯ್ಲಿನ ಕೆಲಸದಲ್ಲಿ ಬಗ್ಗದೆ ವಿಧಿಯಿಲ್ಲ. ಅಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ನಿಂತು, ಅಂಗೈಗಳನ್ನು ಸೊಂಟಕ್ಕೆ ಕೊಟ್ಟು, ಐದಾರು ಸಲ ಹಿಂದಕ್ಕೆ ಬಾಗುವುದೇ ಔಷಧ. ಮಲೆನಾಡಿನಲ್ಲಿ ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು ಗಂಟೆಗಟ್ಟಲೆ ಅಡಿಕೆ ಸುಲಿಯುವವರಿಗೂ ಇದೇ ಮಾತು. ಒಂದು ಡಬ್ಬ ತುಂಬಿತೆಂದರೆ ಎದ್ದು ನಿಲ್ಲುವ ರೂಢಿ ಮಾಡಿಕೊಂಡರೆ ಗಡಿಯಾರ ನೋಡಬೇಕಿಲ್ಲ.

ಕಚೇರಿಯವರಿಗೆ ಕುರ್ಚಿಯ ಬೆಲೆಗಿಂತ ಅದರಿಂದ ಏಳುವ ಸಲವೇ ಮುಖ್ಯ. ಫೋನಿನ ಮಾತನ್ನೆಲ್ಲ ನಿಂತು ಆಡಿ. ದೂರದ ಬಸ್ಸಿನಲ್ಲಿ ಹಿಂದಿನ ಗಾಲಿಯಾಚೆಯ ಸೀಟುಗಳು ಗುಂಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎತ್ತಿಹಾಕುತ್ತವೆಯಾದ್ದರಿಂದ ಮಧ್ಯದ ಸೀಟು ಕಾಯ್ದಿರಿಸಿ, ಟವೆಲನ್ನು ಸುರುಳಿ ಸುತ್ತಿ ಸೊಂಟದ ಹಿಂದಿಟ್ಟುಕೊಳ್ಳಿ.

ಹಾಸಿಗೆಯ ಕುರಿತು ‘ಬರೀ ನೆಲದ ಮೇಲೆ ಮಲಗಿ’ ಎಂಬ ಸಲಹೆ ನಮ್ಮಲ್ಲಿ ಸಾಮಾನ್ಯ. ಸ್ಪೇನಿನಲ್ಲಿ 313 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಡಸಿನ ಹಾಸಿಗೆಯವರಿಗೇ ನೋವು ಹೆಚ್ಚು ತಗ್ಗಿತು. ಕುಳಿ ಬಿದ್ದ ಹಳೆಯ ಹತ್ತಿ ಹಾಸಿಗೆಯನ್ನು ಬಡಿಸಿ ಹೊಸದಾಗಿ ತುಂಬಿಸಿದರೂ ನಡೆದೀತು. ಬೀಡಿ ಸಿಗರೇಟು, ಏರಿದ ತೂಕ, ನಿದ್ದೆಗೇಡು, ಮನಸ್ಸಿನ ಕುಗ್ಗುವಿಕೆ ಇವು ನೋವನ್ನು ದೀರ್ಘವಾಗಿಸುತ್ತವೆ.

ಇಷ್ಟೆಲ್ಲ ಮಾಡಿದರೂ ಸೊಂಟ ಮತ್ತೊಮ್ಮೆ ಹಿಡಿಯಬಹುದು. ಅದಕ್ಕಾಗಿ ಒಂದು ಚೀಟಿಯನ್ನು ಈಗಲೇ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ: ಕಳೆದ ಬಾರಿ ಯಾವ ಕೆಲಸದ ನಂತರ ಬಂತು, ಯಾವ ಭಂಗಿಯಲ್ಲಿ ಹಿತವೆನಿಸಿತು, ಎಷ್ಟನೆಯ ದಿನ ಹತ್ತು ನಿಮಿಷ ನಡೆಯಲು ಸಾಧ್ಯವಾಯಿತು. ನನ್ನ ಚೀಟಿಯಲ್ಲಿ ಮೊದಲ ಬಾರಿ ಒಂಬತ್ತನೆಯ ದಿನವೆಂದಿದೆ, ಕಳೆದ ಬಾರಿಯದು ಮೂರನೆಯ ದಿನ.